ಮೀನಿನ ನೀಲಿ ಲೋಳೆಯದಾ, ಮೈಯದಾ? ಮನೆಯಲ್ಲೇ ನೋಡಿ

ಮೀನು ನೀಲಿಯಾಗಿ ಕಂಡರೆ ಮೊದಲು ಒರೆಸಿ ನೋಡಿ. ತೊಳೆಯಬೇಡಿ. ನಮ್ಮ ಪೊನ್ನಂಪೇಟೆ ಕಡೆ ತೋಟದ ಕೆರೆಯಿಂದ ಕಾಟ್ಲಾ ಹಿಡಿದ ಕೂಡಲೇ ಲೋಳೆ ಹೋಗಲಿ ಅಂತ ಉಜ್ಜಿಬಿಡುತ್ತೇವೆ. ಬಣ್ಣದ ಗುಟ್ಟು ಬೇಕಾದವರಿಗೆ ಆ ಲೋಳೆಯೇ ಬೇಕು.

ಯಾಕೆ ಅಂದರೆ, ಉತ್ತರ ಅಮೆರಿಕದ ಸರೋವರಗಳಲ್ಲಿ ವಾಲ್‌ಐ ಅಂತ ಒಂದು ಮೀನಿದೆ. ಸಾಮಾನ್ಯವಾಗಿ ಹಳದಿ, ಕೆಲವು ಕಡೆ ನೀಲಿ. ಆ ನೀಲಿ ಬರುವುದು ಲೋಳೆಯಲ್ಲಿರುವ ಸ್ಯಾಂಡರ್‌ಸಯನಿನ್ ಎಂಬ ಪ್ರೋಟೀನಿನಿಂದ. ಬಿಲಿವರ್ಡಿನ್ ಎಂಬ ಹಸಿರು ವಸ್ತುವಿಗೆ ಅಂಟಿಕೊಂಡಾಗ ಅದು ನೀಲಿಯಾಗುತ್ತದೆ. ಮೀನು ಕೊಯ್ಯುವಾಗ ಪಿತ್ತ ಒಡೆದರೆ ಕೈಗೆ ಹಸಿರು ಹತ್ತುತ್ತದಲ್ಲ, ಬಿಲಿವರ್ಡಿನ್ ಅದರಲ್ಲೂ ಇರುತ್ತದೆ. ಈ ಪ್ರೋಟೀನಿನ ರಚನೆಯನ್ನು ಬಿಡಿಸಿ 2016ರಲ್ಲಿ ಪ್ರಕಟಿಸಿದ ತಂಡದಲ್ಲಿ ನಮ್ಮ ಬೆಂಗಳೂರಿನ ವಿಜ್ಞಾನಿಗಳೂ ಇದ್ದರು!

ಈಗ ಕೆಲಸಕ್ಕೆ ಬನ್ನಿ. ಆಗಷ್ಟೇ ಸತ್ತ ಮೀನು ತೆಗೆದುಕೊಳ್ಳಿ. ಜೀವಂತ ಮೀನಿನ ಲೋಳೆ ಕೆರೆಯಬೇಡಿ, ಅದಕ್ಕೆ ರೋಗ ತಡೆಯುವ ಕವಚ ಅದೇ. ಬಿಳಿ ಹತ್ತಿಯನ್ನು ಬೆನ್ನಿನಿಂದ ಬಾಲದ ಕಡೆಗೆ ಮೆಲ್ಲಗೆ ಎಳೆದು, ಅಂಗಳದ ಬೆಳಕಿಗೆ ಹಿಡಿಯಿರಿ. ಹತ್ತಿ ನೀಲಿಯಾದರೆ ಬಣ್ಣ ಲೋಳೆಯಲ್ಲಿದೆ. ನಮ್ಮ ಕೆರೆ ಮೀನುಗಳಲ್ಲಿ ಬರೀ ಬೂದು ಲೋಳೆಯೇ ಬರುತ್ತದೆ, ಬೇಸರ ಮಾಡಿಕೊಳ್ಳಬೇಡಿ. ಆಮೇಲೆ ಮೀನನ್ನು ಅತ್ತಿತ್ತ ವಾಲಿಸಿ. ವಾಲಿಸಿದಂತೆ ಹೊಳಪು ಬದಲಾದರೆ ಅದು ಬಣ್ಣವೇ ಅಲ್ಲ, ಚರ್ಮದೊಳಗಿನ ಗ್ವಾನಿನ್ ಹರಳುಗಳು ಬೆಳಕನ್ನು ತಿರುಗಿಸುವ ಆಟ. ಅಕ್ವೇರಿಯಂನ ನೀಲಿ ಬೆಟ್ಟಾ ಮೀನಿನದ್ದೂ ಇದೇ ಕಥೆ.

ಕೊನೆಗೆ ಯುವಿ, ಅಂದರೆ ನೇರಳಾತೀತ ಬೆಳಕಿನ ಟಾರ್ಚ್. ಖೋಟಾ ನೋಟು ಪತ್ತೆ ಮಾಡುವ ಚಿಕ್ಕದು ಸಾಕು, ಕಣ್ಣಿಗೆ ಮಾತ್ರ ಬಿಡಬೇಡಿ. ಸ್ಯಾಂಡರ್‌ಸಯನಿನ್ ಸುಮಾರು 375 ನ್ಯಾನೋಮೀಟರ್ ತರಂಗಾಂತರದ ಯುವಿ ಬೆಳಕು ಹೀರಿ 675ರ ಸುಮಾರಿಗೆ ಕೆಂಪಾಗಿ ಹೊಳೆಯುತ್ತದೆ. ಮೋಸ ಹೋಗುವುದೂ ಇಲ್ಲೇ. ಬಿಳಿ ಟಿಶ್ಯೂ ತಾನೇ ನೀಲಿಯಾಗಿ ಹೊಳೆಯಬಹುದು, ಅದಕ್ಕೇ ಹತ್ತಿಯನ್ನೂ ಮೊದಲು ಖಾಲಿ ಇರುವಾಗ ನೋಡಿಕೊಳ್ಳಿ. ಅರಿಶಿನ ಮುಟ್ಟಿದ ಕೈ ಹಳದಿ ಹಸಿರಾಗಿ ಬೆಳಗುತ್ತದೆ. ಎಲ್ಲಕ್ಕಿಂತ ಜಾಸ್ತಿ ತೊಂದರೆ ಕೊಡುವುದು ಪಾಚಿ, ಅದರ ಕ್ಲೋರೋಫಿಲ್ ಕೂಡ ಕೆಂಪಾಗಿಯೇ ಹೊಳೆಯುತ್ತದೆ. ಎಳೆ ಎಲೆಯೊಂದನ್ನು ಸ್ಪಿರಿಟ್‌ನಲ್ಲಿ ಜಜ್ಜಿ, ಸೋಸಿ, ಟಾರ್ಚ್ ಬಿಟ್ಟು ನೋಡಿ. ಆ ಕೆಂಪನ್ನು ಒಮ್ಮೆ ಕಂಡವರು ಕೆರೆ ಪಾಚಿ ಹತ್ತಿದ ಹತ್ತಿಯನ್ನು ಸುಮ್ನೆ ಎತ್ತಿಕೊಂಡು ಕುಣಿಯುವುದಿಲ್ಲ.