ಬಸುರಿಯಾಗಿದ್ದಾಗ ಕೆಲಸ ಬದಲಿಸಬೇಕೇ? ಮೊದಲು ತಾರೀಖು ನೋಡಿ, ಆಮೇಲೆ ಸಂಬಳ

ಸಂಬಳ ಕಡಿಮೆ ಎಂಬ ಕೊರಗು ಬಸುರಿನಲ್ಲಿ ಇಮ್ಮಡಿಯಾಗುತ್ತದೆ. ಮುಂದಿನ ಖರ್ಚು ಕಣ್ಣಿಗೆ ಕಟ್ಟುತ್ತಿರುತ್ತದೆ, ಪಕ್ಕದ ಸೀಟಿನವರಿಗೆ ಎಷ್ಟು ಬರುತ್ತದೆ ಎಂಬುದೂ ಕಿವಿಗೆ ಬಿದ್ದಿರುತ್ತದೆ. ಆ ಹೊತ್ತಿಗೆ ಶೇ 30 ಹೆಚ್ಚಿನ ಆಫರ್ ಬಂದರೆ ಮನಸ್ಸು ಅತ್ತ ವಾಲುವುದು ಸಹಜ. ಆದರೆ ಸಂಬಳಕ್ಕಿಂತ ಮೊದಲು ಕೇಳಬೇಕಾದ ಪ್ರಶ್ನೆ ಬೇರೆಯೇ ಇದೆ: ಹೆರಿಗೆಯ ತಾರೀಖಿನೊಳಗೆ ಹೊಸ ಜಾಗದಲ್ಲಿ ನಿಮ್ಮ ಹಾಜರಿ ಎಷ್ಟು ದಿನ ಆಗುತ್ತದೆ?

ಯಾಕೆಂದರೆ ಹೆರಿಗೆ ರಜೆಯ ಹಕ್ಕು ಹಲವು ಕಡೆ ಕೆಲಸಕ್ಕೆ ಸೇರಿದ ದಿನವೇ ಸಿಗುವುದಿಲ್ಲ. ಭಾರತದಲ್ಲಿ, ವೈದ್ಯರು ಕೊಟ್ಟ ಹೆರಿಗೆ ತಾರೀಖಿನ ಹಿಂದಿನ 12 ತಿಂಗಳಲ್ಲಿ ಅದೇ ಸಂಸ್ಥೆಯಲ್ಲಿ ಕನಿಷ್ಠ 80 ದಿನ ಕೆಲಸ ಮಾಡಿರಬೇಕು. ಆಗ ಮೊದಲ ಎರಡು ಮಕ್ಕಳಿಗೆ 26 ವಾರಗಳ ಸಂಬಳ ಸಹಿತ ರಜೆ. ಇಎಸ್‌ಐ (ನೌಕರರ ರಾಜ್ಯ ವಿಮಾ ಯೋಜನೆ) ವ್ಯಾಪ್ತಿಯಲ್ಲಿರುವವರ ಲೆಕ್ಕ ಬೇರೆ. ಅಲ್ಲಿ ವಂತಿಗೆ ಕಟ್ಟಿದ ದಿನಗಳು ಕಂಪನಿ ಬದಲಾದರೂ ನಿಮ್ಮ ಹೆಸರಿನಲ್ಲೇ ಉಳಿಯುತ್ತವೆ. ಬ್ರಿಟನ್ನಿನಲ್ಲಿ ರಜೆ ಮೊದಲ ದಿನದಿಂದಲೇ ಇದೆ, ಆದರೆ ಹೆರಿಗೆ ವೇತನ ಸಿಗಲು ಹೆರಿಗೆಯ ವಾರಕ್ಕೆ 15 ವಾರ ಮುಂಚೆಯೇ ಅದೇ ಮಾಲೀಕರಲ್ಲಿ ಸತತ 26 ವಾರ ಕೆಲಸ ಆಗಿರಬೇಕು. ಅಂದರೆ ಬಸುರಾಗಿದೆ ಎಂದು ಗೊತ್ತಾದ ಮೇಲೆ ಕೆಲಸ ಬದಲಿಸಿದವರಿಗೆ ಹೊಸ ಮಾಲೀಕರಿಂದ ಕಾನೂನು ಪ್ರಕಾರದ ಹೆರಿಗೆ ವೇತನ ಸಿಗದು. ಅಮೆರಿಕದ ಕೇಂದ್ರ ಕಾನೂನು 12 ವಾರಗಳ ರಜೆ ಕೊಡುತ್ತದೆ, ಅದೂ ಸಂಬಳವಿಲ್ಲದೆ. ಅದಕ್ಕೂ ಅಲ್ಲಿ 12 ತಿಂಗಳು ಮತ್ತು 1,250 ಗಂಟೆ ದುಡಿದಿರಬೇಕು, ಕಂಪನಿಯಲ್ಲಿ 50 ಜನರಿರಬೇಕು.

ವಾರಗಳ ಲೆಕ್ಕ

ಒಂದು ಹಾಳೆ ತೆಗೆದುಕೊಂಡು ಹೆರಿಗೆಯ ತಾರೀಖಿನಿಂದ ಹಿಂದಕ್ಕೆ ಎಣಿಸಿ. ಈಗ 10ನೇ ವಾರ ಎಂದಿಟ್ಟುಕೊಳ್ಳಿ. ಸಂದರ್ಶನಗಳು ಮುಗಿದು ಆಫರ್ ಕೈಗೆ ಬರಲು 6 ವಾರ, ಅಲ್ಲಿಗೆ 16. ನೋಟಿಸ್ ಅವಧಿ 8 ವಾರ, ಅಲ್ಲಿಗೆ 24. ರಜೆ ಶುರು ಮಾಡುವುದು 36ನೇ ವಾರಕ್ಕೆ ಎಂದರೆ ನಡುವೆ ಉಳಿದದ್ದು 12 ವಾರ. ಕ್ಯಾಲೆಂಡರಿನಲ್ಲಿ ಅದು 84 ದಿನ, ನೋಡಿದವರಿಗೆ 80 ದಾಟಿದಂತೆ ಕಾಣುತ್ತದೆ. ಆದರೆ ವಾರಕ್ಕೆ 5 ದಿನದ ಕೆಲಸವಾದರೆ ಕೆಲಸದ ದಿನ 60 ಮಾತ್ರ. 6 ದಿನದ ವಾರವಾದರೂ 72. ಸಂಬಳ ಸಹಿತ ಹಬ್ಬದ ರಜೆಗಳು ಸೇರಿ ಒಂದೆರಡು ದಿನ ಹೆಚ್ಚಬಹುದು, ಅಷ್ಟೆ. ಜನ ಎಡವುವುದು ಇಲ್ಲೇ. 5 ದಿನದ ವಾರದಲ್ಲಿ 80 ತುಂಬಲು 16 ವಾರ ಬೇಕು, ಅಂದರೆ 40ನೇ ವಾರದ ಕೊನೆಯವರೆಗೂ ಕಚೇರಿಗೆ ಹೋಗುತ್ತಲೇ ಇರಬೇಕು. ವೈದ್ಯರು 34ನೇ ವಾರಕ್ಕೆ ವಿಶ್ರಾಂತಿ ಹೇಳಿದರೆ ಲೆಕ್ಕ ತಲೆಕೆಳಗು.

ಆದ್ದರಿಂದ ನಿಮ್ಮ ಎಣಿಕೆ ಕನಿಷ್ಠ 4 ವಾರಗಳ ಸಡಿಲದೊಂದಿಗೆ ತಾಳೆಯಾದರೆ ಮಾತ್ರ ಮುಂದುವರಿಯಿರಿ. ನೋಟಿಸ್ ಅವಧಿಯನ್ನು ಹಣ ಕಟ್ಟಿ ಕಡಿತಗೊಳಿಸಿದರೆ ಕೆಲವು ವಾರ ಉಳಿಯುತ್ತವೆ, ಆ ಹಣವನ್ನು ಹೊಸ ಕಂಪನಿ ಭರಿಸುತ್ತದೆಯೇ ಎಂದು ಕೇಳಬಹುದು. ಕಾನೂನಿನ ಅವಧಿ ತುಂಬದಿದ್ದರೂ ಹೊಸ ಕಂಪನಿ ತನ್ನ ನೀತಿಯಂತೆ ಪೂರ್ತಿ ರಜೆ ಕೊಡಬಹುದು. ಆದರೆ ಅದು ಆಫರ್ ಲೆಟರಿನಲ್ಲೋ ಎಚ್‌ಆರ್ ಕಳಿಸಿದ ಇಮೇಲಿನಲ್ಲೋ ಬರಹದಲ್ಲಿರಬೇಕು. ‘ಅದೆಲ್ಲ ನೋಡಿಕೊಳ್ಳೋಣ ಮೇಡಂ’ ಎಂಬ ಮಾತಿಗೆ ಬೆಲೆಯಿಲ್ಲ. ಹೇಳಿದವರೇ ನಾಳೆ ಕೆಲಸ ಬಿಟ್ಟಿರಬಹುದು.

ಹಣದ ಲೆಕ್ಕ

ಈಗಿನ ಸಂಬಳ ತಿಂಗಳಿಗೆ 100, ಹೊಸದು 130 ಎಂದು ಹಿಡಿಯಿರಿ. ಇಲ್ಲೇ ಇದ್ದರೆ 6 ತಿಂಗಳ ಸಂಬಳ ಸಹಿತ ರಜೆ, ಅಂದರೆ 600. ಅಲ್ಲಿ ರಜೆಗೆ ಸಂಬಳವಿಲ್ಲ. ಹೆರಿಗೆಗೆ ಮುಂಚೆ 3 ತಿಂಗಳು ಅಲ್ಲಿ ದುಡಿದರೆ ಹೆಚ್ಚುವರಿ ಸಿಗುವುದು 90. ಉಳಿದ 510 ನಷ್ಟವನ್ನು ತಿಂಗಳಿಗೆ 30ರಂತೆ ತುಂಬಿಕೊಳ್ಳಲು ಮಗು ಹುಟ್ಟಿ ಕೆಲಸಕ್ಕೆ ಮರಳಿದ ಮೇಲೆ ಇನ್ನೂ 17 ತಿಂಗಳು ಬೇಕು. ಅದೇ ಹೊಸ ಕಂಪನಿ 3 ತಿಂಗಳ ರಜೆಗೆ ಸಂಬಳ ಕೊಟ್ಟರೆ ಚಿತ್ರ ಬದಲಾಗುತ್ತದೆ: ನಷ್ಟ 210, ಅದರಲ್ಲಿ 90 ಮೊದಲೇ ಬಂದಿರುತ್ತದೆ, ಬಾಕಿ 120 ನಾಲ್ಕೇ ತಿಂಗಳಲ್ಲಿ ತೀರುತ್ತದೆ. ಮರಳಿದ ಮೇಲೆ 6 ತಿಂಗಳೊಳಗೆ ಸರಿತೂಗಿದರೆ ಹೋಗುವುದು ಲಾಭ. ವರ್ಷ ದಾಟಿದರೆ, ಹಣಕ್ಕಾಗಿಯೇ ಹೋಗುವುದಾದರೆ, ಈಗ ಬೇಡ ಎನ್ನುವುದೇ ನಮ್ಮ ಸಲಹೆ.

ಈ ಲೆಕ್ಕಕ್ಕೆ ಕೈಗೆ ಬರುವ ಸಂಬಳವನ್ನಷ್ಟೇ ಹಾಕಿ. ವರ್ಷದ ಕೊನೆಯ ಬೋನಸ್, ಕಾರ್ಯಕ್ಷಮತೆಗೆ ತಕ್ಕಂತೆ ಏರಿಳಿಯುವ ಭಾಗ ಇವನ್ನು ಸೇರಿಸಿ 130 ಮಾಡಿ ತೋರಿಸಿರಬಹುದು. ರಜೆಯ ತಿಂಗಳುಗಳಲ್ಲಿ ಆ ಭಾಗ ಸಿಗದೆ ಹೋಗಬಹುದು. ಸೇರುವಾಗ ಕೊಡುವ ಬೋನಸ್ಸಿಗೆ ‘12 ತಿಂಗಳೊಳಗೆ ಬಿಟ್ಟರೆ ವಾಪಸ್’ ಎಂಬ ಷರತ್ತಿದ್ದರೆ, ಬಾಣಂತನದ ನಂತರ ಮರಳುವುದು ಸಾಧ್ಯವಾಗದಿದ್ದಾಗ ಅದೇ ಸಾಲವಾಗಿ ಕೂರುತ್ತದೆ.

ಆರೋಗ್ಯ ವಿಮೆಯನ್ನೂ ಬಿಡಿಸಿ ನೋಡಿ. ಹಳೆಯ ಕಂಪನಿಯ ಗುಂಪು ವಿಮೆ ಸಾಮಾನ್ಯವಾಗಿ ಕೊನೆಯ ದಿನಕ್ಕೇ ನಿಲ್ಲುತ್ತದೆ. ಹೊಸದರಲ್ಲಿ ಹೆರಿಗೆ ಖರ್ಚಿಗೆ ಕಾಯುವ ಅವಧಿ ಇದೆಯೇ, ಸಿಸೇರಿಯನ್ನಿಗೆ ಮಿತಿ ಎಷ್ಟು, ನವಜಾತ ಶಿಶುವಿಗೆ ಮೊದಲ ದಿನದಿಂದ ರಕ್ಷಣೆ ಇದೆಯೇ, ಈ ಮೂರಕ್ಕೂ ಪಾಲಿಸಿಯ ಪ್ರತಿಯಲ್ಲೇ ಉತ್ತರ ಹುಡುಕಿ. ಮಗು ಅವಧಿಗೆ ಮುನ್ನ ಹುಟ್ಟಿ ಐಸಿಯುನಲ್ಲಿ ಇಡಬೇಕಾಗಿ ಬಂದರೆ, ಶೇ 30 ಹೆಚ್ಚಿನ ಸಂಬಳ ಆ ಬಿಲ್ಲಿಗೆ ಸಾಲುವುದಿಲ್ಲ.

ಇಲ್ಲೇ ಸಂಬಳ ಏರಿಸಿಕೊಳ್ಳುವುದು

ಹೆಚ್ಚಿನವರು ಇದನ್ನು ಪ್ರಯತ್ನಿಸದೆಯೇ ಬಿಡುತ್ತಾರೆ. ಭಾರತದಲ್ಲಿ ಹೆರಿಗೆ ರಜೆಯ ಸಂಬಳವನ್ನು ಲೆಕ್ಕ ಹಾಕುವುದು ರಜೆಗೆ ಹಿಂದಿನ 3 ತಿಂಗಳ ಸರಾಸರಿಯ ಮೇಲೆ. ಬ್ರಿಟನ್ನಿನಲ್ಲಿ ಹೆರಿಗೆಯ ವಾರಕ್ಕೆ 15 ವಾರ ಮುಂಚೆ ಮುಗಿಯುವ ಸುಮಾರು 8 ವಾರಗಳ ಸರಾಸರಿ. ಆ ಅವಧಿ ಶುರುವಾಗುವ ಮುನ್ನ ಏರಿಕೆ ಜಾರಿಯಾದರೆ ರಜೆಯ ಸಂಬಳವೂ ಏರುತ್ತದೆ. ಭಾರತದಲ್ಲಿ 36ನೇ ವಾರಕ್ಕೆ ರಜೆ ಹೊರಡುವವರು 22ನೇ ವಾರದ ಹೊತ್ತಿಗೆ ಹೊಸ ಸಂಬಳ ಕಾಣಬೇಕು, ಅದಕ್ಕೆ 14–16ನೇ ವಾರಕ್ಕೇ ಮಾತು ತೆಗೆಯಬೇಕು.

ಹೋಗುವಾಗ ನಿಮ್ಮದೇ ಕೆಲಸದ, ನಿಮ್ಮದೇ ಅನುಭವದ 4–5 ಜಾಹೀರಾತುಗಳಲ್ಲಿ ಕೊಟ್ಟ ಸಂಬಳ ಬರೆದಿಟ್ಟುಕೊಳ್ಳಿ. ಅವುಗಳ ನಡುವಿನ ಅಂಕಿಗಿಂತ ನೀವು ಶೇ 10ರಷ್ಟು ಕೆಳಗಿದ್ದರೆ ಅದು ಸಾಮಾನ್ಯ ಏರಿಳಿತ, ಶೇ 20 ದಾಟಿದರೆ ನಿಜಕ್ಕೂ ಕಡಿಮೆ. ಮಾತು ನೇರವಾಗಿರಲಿ: ‘ಸರ್, ಕಳೆದ ವರ್ಷದಿಂದ ಈ ಎರಡು ಜವಾಬ್ದಾರಿ ನನ್ನ ಮೇಲೆ ಬಂದಿವೆ, ಸಂಬಳ ಮಾತ್ರ ಹಳೆಯದೇ ಇದೆ. ಇಷ್ಟಕ್ಕೆ ಏರಿಸಬೇಕು, ಇಂಥ ತಿಂಗಳಿಂದ.’ ಮಗುವಿನ ಖರ್ಚಿನ ಮಾತು ಬೇಡ. ಏರಿಕೆ ಕೇಳುತ್ತಿರುವುದು ಮಾಡಿದ ಕೆಲಸಕ್ಕೆ. ವಿಷಯ ಮೊದಲೇ ತಿಳಿಸಿದ್ದರೂ ಸಂಕೋಚ ಪಡಬೇಡಿ, ಬಸುರಿಯ ದುಡಿಮೆಗೆ ಬೆಲೆ ಕಡಿಮೆಯೇನಲ್ಲ.

ಹೊಸ ಕಂಪನಿಗೆ ಯಾವಾಗ ಹೇಳುವುದು?

ಸಂದರ್ಶನದಲ್ಲಿ ಹೇಳಲೇಬೇಕೆಂಬ ಕಟ್ಟುಪಾಡು ಸಾಮಾನ್ಯವಾಗಿ ಇಲ್ಲ. ಬಸುರಿ ಎಂಬ ಕಾರಣಕ್ಕೆ ಕೆಲಸ ನಿರಾಕರಿಸುವುದನ್ನು ಅಮೆರಿಕದ 1978ರ ಕಾಯ್ದೆ, ಬ್ರಿಟನ್ನಿನ 2010ರ ಸಮಾನತೆ ಕಾಯ್ದೆ ನಿಷೇಧಿಸಿವೆ. ಆದರೂ ಲಿಖಿತ ಆಫರ್ ಕೈಗೆ ಬಂದ ಮೇಲೆ, ಹಳೆಯ ಕೆಲಸಕ್ಕೆ ರಾಜೀನಾಮೆ ಕೊಡುವ ಮೊದಲು ಹೇಳುವುದು ಒಳ್ಳೆಯದು. ರಜೆಯ ಖಾತರಿ ಬರಹದಲ್ಲಿ ಸಿಗಬೇಕಾದರೆ ತಾರೀಖು ತಿಳಿಸಲೇಬೇಕಾಗುತ್ತದೆ. ಒಂದು ಇಮೇಲ್ ಸಾಕು: ಹೆರಿಗೆಯ ನಿರೀಕ್ಷಿತ ತಾರೀಖು, ಬೇಕಾದ ರಜೆಯ ವಾರಗಳು, ಆ ವಾರಗಳ ಸಂಬಳ, ವಿಮೆ, ಪ್ರೊಬೇಷನ್ ಅವಧಿಯನ್ನು ರಜೆಯ ನಂತರಕ್ಕೆ ಮುಂದೂಡುತ್ತಾರೆಯೇ ಎಂಬ ಪ್ರಶ್ನೆ. ಲಿಖಿತ ಉತ್ತರ ಬರುವವರೆಗೆ ರಾಜೀನಾಮೆ ಪತ್ರ ನಿಮ್ಮಲ್ಲೇ ಇರಲಿ. ಈ ಕ್ರಮ ತಪ್ಪಿದರೆ ಇತ್ತ ರಾಜೀನಾಮೆ ಅಂಗೀಕಾರವಾಗಿ ಅತ್ತ ಆಫರ್ ಹಿಂತೆಗೆದು ಎರಡೂ ಕಡೆ ಕೈತಪ್ಪುತ್ತದೆ.

ಗರ್ಭಪಾತದ ಸಂಭವ ಹೆಚ್ಚಿರುವುದು ಮೊದಲ 12 ವಾರಗಳಲ್ಲಿ, ಆಯಾಸ ವಾಂತಿಯೂ ಆಗಲೇ ಹೆಚ್ಚು. ಆ ದಿನಗಳಲ್ಲಿ ಹುಡುಕಾಟ ನಡೆಯಲಿ, ಅಂತಿಮ ತೀರ್ಮಾನ ಬೇಡ.

ಒಂದು ವಿನಾಯಿತಿ ಇದೆ. ಈಗಿನ ಕೆಲಸ ಮೈಗೇ ಹಾನಿ ಮಾಡುವಂತಿದ್ದರೆ, ರಾಸಾಯನಿಕ, ವಿಕಿರಣ, ಭಾರ ಎತ್ತುವುದು, ದಿನವಿಡೀ ನಿಲ್ಲುವುದು, ಬೇರೆ ಕೆಲಸ ಕೊಡಿ ಎಂದು ವೈದ್ಯರ ಪತ್ರ ಕೊಟ್ಟರೂ ಬದಲಿಸದಿದ್ದರೆ, ಮೇಲಿನ ಹಣದ ಲೆಕ್ಕವನ್ನು ಬದಿಗಿಡಿ.

ಇಲ್ಲೇ ಉಳಿಯುವ ತೀರ್ಮಾನ ಮಾಡಿದವರು ರಜೆಗೆ ಹೋಗುವ ಮುಂಚಿನ ವಾರ ಮಾಡಿಕೊಳ್ಳಬೇಕಾದ ಕೆಲಸಗಳಿವೆ. ರಜೆಯ ತಿಂಗಳುಗಳು ವಾರ್ಷಿಕ ಏರಿಕೆಗೆ ಲೆಕ್ಕಕ್ಕೆ ಬರುತ್ತವೆಯೇ ಎಂದು ಇಮೇಲಿನಲ್ಲಿ ಕೇಳಿ. ಮರಳಿದ ಮೇಲೆ ಇಷ್ಟು ತಿಂಗಳೊಳಗೆ ಬಿಟ್ಟರೆ ರಜೆಯ ಸಂಬಳ ವಾಪಸ್ ಕೊಡಬೇಕೆಂಬ ಷರತ್ತು ನೇಮಕಾತಿ ಪತ್ರದಲ್ಲಿದೆಯೇ ನೋಡಿ. ಇದ್ದರೆ ಮುಂದಿನ ಹುಡುಕಾಟ ಆ ತಾರೀಖಿನ ನಂತರ. ರಜೆಯಲ್ಲಿ ಕಚೇರಿಯ ಲಾಗಿನ್ ಮುಚ್ಚಬಹುದು. ಹಾಗಾಗಿ ಕಳೆದ 12 ತಿಂಗಳ ಪೇ ಸ್ಲಿಪ್, ಸಂಬಳ ಏರಿಕೆಯ ಪತ್ರಗಳು, ಕೆಲಸದ ಮೌಲ್ಯಮಾಪನ ಇವೆಲ್ಲದರ ಪ್ರತಿ ನಿಮ್ಮ ಸ್ವಂತ ಇಮೇಲಿಗೆ ಮೊದಲೇ ತಲುಪಿರಲಿ.