ಫೋನಿನಲ್ಲಿ ಸಹಿ ಮಾಡಿಸ್ತೀರಾ? ಮೊದಲು ಫೈಲ್‌ನ ಹೆಸರು ನೋಡಿ

ಮಂಗಳೂರಿನ ಒಂದು ಸಣ್ಣ ಕ್ಲಿನಿಕ್‌ನಲ್ಲಿ ಕೌಂಟರ್ ನೋಡಿಕೊಳ್ಳುವವಳು ನಾನು. ಆಪರೇಷನ್‌ಗೆ ಬೇಕಾದ ಒಪ್ಪಿಗೆ ಪತ್ರಕ್ಕೆ ಫೋನಿನಲ್ಲೇ ಸಹಿ ತೆಗೆದುಕೊಳ್ಳಲು ಶುರು ಮಾಡಿದ ಹೊಸದರಲ್ಲಿ, ಫೈಲ್‌ಗೆ ರೋಗಿಯ ಹೆಸರನ್ನೂ ಕಾಯಿಲೆಯ ಹೆಸರನ್ನೂ ಸೇರಿಸಿ ಕಳಿಸಿಬಿಟ್ಟಿದ್ದೆ. ಆ ಫೋನ್ ಮನೆಯವರೆಲ್ಲ ಬಳಸುವಂಥದ್ದು. ಮಗಳಿಗೆ ಅಮ್ಮನ ಕಾಯಿಲೆ ಗೊತ್ತಾದದ್ದು ನೋಟಿಫಿಕೇಷನ್‌ನಿಂದ. ಆ ಅಮ್ಮ ಮರುದಿನ ಬಂದು ನನ್ನನ್ನು ಕೇಳಿದ ಪ್ರಶ್ನೆಗೆ ನನ್ನಲ್ಲಿ ಉತ್ತರ ಇರಲಿಲ್ಲ.

ಹಾಗಾಗಿ ಮೊದಲ ಕೆಲಸ ಇದೇ: ಫೈಲ್‌ನ ಹೆಸರಿನಲ್ಲಿ, ಮೇಲ್‌ನ ವಿಷಯದಲ್ಲಿ, ಮೆಸೇಜ್‌ನ ಮೊದಲ ಸಾಲಿನಲ್ಲಿ ಕಾಯಿಲೆ, ವಾರ್ಡ್, ಪರೀಕ್ಷೆ ಯಾವುದೂ ಬೇಡ. ನಿಮ್ಮ ರಿಜಿಸ್ಟರ್‌ನ ನಂಬರ್ ಸಾಕು. ಸಹಿಗೆಂದು ವಾಟ್ಸಾಪ್‌ನಲ್ಲಿ ಕಳಿಸುವ ಲಿಂಕ್‌ಗೆ ಪಾಸ್‌ವರ್ಡ್ ಇಡಿ, ಅದನ್ನು ಅದೇ ವಾಟ್ಸಾಪ್‌ನಲ್ಲಿ ಕಳಿಸದೆ ಫೋನ್ ಮಾಡಿ ಹೇಳಿ. ಲಿಂಕ್ ಒಂದೆರಡು ದಿನಕ್ಕೆ ತಾನಾಗಿ ಸಾಯುವ ಹಾಗೆ ಸೆಟ್ ಮಾಡಿ.

ಇನ್ನು ಆಧಾರ್ ಇ-ಸೈನ್, ಅಂದರೆ ಆಧಾರ್‌ಗೆ ಜೋಡಿಸಿದ ಫೋನಿಗೆ ಬರುವ ಓಟಿಪಿ ಒತ್ತಿ ಪತ್ರಕ್ಕೆ ಡಿಜಿಟಲ್ ಸಹಿ ಹಾಕುವುದು. ಸುಮಾರು ಜನ ಇದನ್ನು ತಪ್ಪು ತಿಳಿದಿದ್ದಾರೆ. ಓಟಿಪಿ ಪಡೆದು ಸಹಿ ಹಾಕಿಕೊಡುವ ಸಂಸ್ಥೆಗೆ ನಿಮ್ಮ ಪತ್ರ ಹೋಗುವುದಿಲ್ಲ, ಪತ್ರದಿಂದ ತೆಗೆದ ಹ್ಯಾಶ್ ಎಂಬ ಗುರುತು ಮಾತ್ರ ಹೋಗುತ್ತದೆ, ಅದರಿಂದ ಪತ್ರದಲ್ಲಿ ಏನಿದೆ ಅಂತ ಓದಲು ಆಗುವುದಿಲ್ಲ. ಆದರೆ ನೀವು ಪಿಡಿಎಫ್ ಅಪ್‌ಲೋಡ್ ಮಾಡುವ ಆ್ಯಪ್ ಇದೆಯಲ್ಲ, ಅದರ ಕೈಗೆ ಪೂರ್ತಿ ಪತ್ರ ಸಿಗುತ್ತದೆ. ಹಾಗಾಗಿ ವಿಚಾರಿಸಬೇಕಾದದ್ದು ಆ ಆ್ಯಪ್‌ನವರನ್ನು. ಫೈಲ್ ಎಲ್ಲಿ ಇಡುತ್ತೀರಿ, ಯಾರು ತೆರೆಯಬಹುದು, ಡಿಲೀಟ್ ಮಾಡಿದರೆ ನಿಜವಾಗಿ ಹೋಗುತ್ತಾ ಅಂತ ಬರಹದಲ್ಲೇ ಕೇಳಿ. 'ಹಿಪಾ' ಅಂತ ಮುದ್ರೆ ತೋರಿಸಿದರೆ ಅಷ್ಟಕ್ಕೇ ಒಪ್ಪಬೇಡಿ, ಅದು ರೋಗಿಗಳ ಮಾಹಿತಿ ಕಾಪಾಡಲು ಇರುವ ಅಮೆರಿಕದ 1996ರ ಕಾಯ್ದೆ. ನಮಗೆ ಲೆಕ್ಕಕ್ಕೆ ಬರುವುದು 2000ದ ಐಟಿ ಕಾಯ್ದೆ ಮತ್ತು 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣೆ ಕಾಯ್ದೆ. ಗೂಗಲ್‌ನಲ್ಲಿ ಸಿಕ್ಕಿದ ಯಾವುದೋ ಪುಕ್ಕಟೆ ಸೈಟ್‌ಗೆ ರೋಗಿಯ ಪತ್ರ ಹಾಕಲೇಬೇಡಿ.

ರೋಗಿಗೆ ಆಧಾರ್ ನಂಬರ್ ಕೊಡಲು ಮನಸ್ಸಿಲ್ಲದಿದ್ದರೆ 16 ಅಂಕಿಯ ವರ್ಚುವಲ್ ಐಡಿ ಇದೆ, ನಿಮ್ಮ ಆ್ಯಪ್ ಅದನ್ನು ತೆಗೆದುಕೊಳ್ಳುತ್ತದಾ ನೋಡಿ.

ನಮ್ಮ ಊರಿನ ದೊಡ್ಡ ತೊಡಕು ಬೇರೆಯೇ. ಎಷ್ಟೋ ಹಿರಿಯರ ಆಧಾರ್‌ಗೆ ಜೋಡಿಸಿರುವುದು ದುಬೈಯಲ್ಲೋ ಮಸ್ಕತ್‌ನಲ್ಲೋ ಇರುವ ಮಗನ ನಂಬರ್. ಓಟಿಪಿ ಅವನಿಗೆ ಹೋಗುತ್ತದೆ, ಅವನು ಫೋನ್‌ನಲ್ಲಿ ಹೇಳುತ್ತಾನೆ, ನಾವು ಒತ್ತುತ್ತೇವೆ, ತಾಯಿಯ ಹೆಸರಲ್ಲಿ ಸಹಿ ಬೀಳುತ್ತದೆ. ತಾಯಿ ಏನಕ್ಕೆ ಒಪ್ಪಿದರು? ಅವರಿಗೇ ಗೊತ್ತಿಲ್ಲ. ಹೀಗೆ ಮಾಡಬೇಡಿ ಮಾರಾಯ್ರೆ. ಮಗನಿಗೆ ತಿಳಿಸಬೇಕೋ ಬೇಡವೋ ಅಂತ ಅವರನ್ನೇ ಕೇಳಿ, ಪತ್ರವನ್ನು ತುಳುವಲ್ಲೋ ಬ್ಯಾರಿಯಲ್ಲೋ ಕೊಂಕಣಿಯಲ್ಲೋ ಅವರಿಗೆ ಅರ್ಥವಾಗುವ ಹಾಗೆ ಓದಿ ಹೇಳಿ. ಅದನ್ನೂ ಒಳಗಿನ ರೂಮಿನಲ್ಲಿ. ಇಪ್ಪತ್ತು ಜನ ಕೂತಿರುವ ಕಡೆ ಜೋರಾಗಿ ಅಲ್ಲ.

ಸಹಿಯಾದ ಪಿಡಿಎಫ್ ಅನ್ನು ಹಾಗೆಯೇ ಇಟ್ಟುಕೊಳ್ಳಿ. ಪ್ರಿಂಟ್ ತೆಗೆದು ಸ್ಕ್ಯಾನ್ ಮಾಡಿದರೆ ಡಿಜಿಟಲ್ ಸಹಿಯನ್ನು ಪರಿಶೀಲಿಸಲು ಆಗುವುದಿಲ್ಲ. ಕ್ಲಿನಿಕ್‌ನ ಕಂಪ್ಯೂಟರ್‌ಗೆ ಇಳಿಸಿದ ಮೇಲೆ ಆ್ಯಪ್‌ನಲ್ಲಿ ಉಳಿದದ್ದನ್ನು ಅಳಿಸಿ, ನಿಮ್ಮ ಫೋನಿನ ಡೌನ್‌ಲೋಡ್ ಫೋಲ್ಡರ್‌ನಲ್ಲಿ ಇರುವುದನ್ನೂ.

ಫೋನ್ ಸಹಿ ಬೇಡ ಎಂದವರಿಗೆ ಕಾಗದ, ಪೆನ್ನು ಕೊಡಿ. ಯಾಕೆ ಅಂತ ಕೇಳಬೇಡಿ.