ಪ್ರಶಸ್ತಿ ಪಟ್ಟಿಯನ್ನು ನಾನು ಕೆಳಗಿನಿಂದ ಓದುತ್ತೇನೆ

ಸಾಗರದ ನಮ್ಮ ಮನೆ ಮಹಡಿಯಲ್ಲಿ ತಿಂಗಳಿಗೊಂದು ಸಿನಿಮಾ ಹಾಕುತ್ತೇವೆ. ಸುಣ್ಣ ಬಳಿದ ಗೋಡೆ, ಒಂದು ಹಳೇ ಪ್ರೊಜೆಕ್ಟರ್, ನೆಂಟರು, ಅಕ್ಕಪಕ್ಕದವರು. ಸಿನಿಮಾ ಆರಿಸುವುದು ನನ್ನ ಪಾಲಿನ ಕೆಲಸ. "ಇಂಥವೆಲ್ಲ ಎಲ್ಲಿ ಸಿಗ್ತವೆ ಮಾರಾಯ, ಹೆಸರೇ ಕೇಳಿರಲಿಲ್ಲ" ಅಂತ ಬಂದವರೆಲ್ಲ ಕೇಳುತ್ತಾರೆ. ಸಿಗುವುದು ಪಟ್ಟಿಗಳಲ್ಲೇ. ಓದುವ ರೀತಿ ಮಾತ್ರ ಸ್ವಲ್ಪ ಬೇರೆ.

ನಾನು ಮೊದಲು ಹಿಡಿದದ್ದು ರಾಷ್ಟ್ರಪ್ರಶಸ್ತಿಯ ಪಟ್ಟಿ. 1954ರಿಂದ ಕೊಡುತ್ತಾ ಬಂದಿರುವ ಪ್ರಶಸ್ತಿ ಇದು. ಮೇಲಿನ ಸಾಲು ಎಲ್ಲರಿಗೂ ಗೊತ್ತು. ಸಂಸ್ಕಾರ, ಚೋಮನ ದುಡಿ, ಘಟಶ್ರಾದ್ಧ, ತಬರನ ಕಥೆ, ತಾಯಿಸಾಹೇಬ, ದ್ವೀಪ ಇವೆಲ್ಲ ದೇಶದ ಅತ್ಯುತ್ತಮ ಚಿತ್ರ ಅನ್ನಿಸಿಕೊಂಡವು. ಇವುಗಳ ಬಗ್ಗೆ ಪತ್ರಿಕೆಯವರು ಬರೆದಿದ್ದಾರೆ, ಕಾಲೇಜಿನಲ್ಲೂ ಪಾಠ ಮಾಡುತ್ತಾರೆ. ನಾನು ಪುಟ ಕೆಳಗೆ ಸರಿಸಿ 'ಅತ್ಯುತ್ತಮ ಕನ್ನಡ ಚಿತ್ರ' ಅನ್ನುವ ಸಾಲಿಗೆ ಹೋಗುತ್ತೇನೆ. ಇಲ್ಲಿ ವರ್ಷಕ್ಕೊಂದು ಹೆಸರು ಇರುತ್ತದೆ. ಪೇಪರಿನಲ್ಲಿ ಒಂದು ದಿನ ಬಂದು ಮರೆಯಾದ ಹೆಸರುಗಳೇ ಜಾಸ್ತಿ.

ಆ ಸಾಲಿನಲ್ಲಿ ನಮ್ಮ ಸೀಮೆ ಎಷ್ಟು ಸಲ ಬರುತ್ತದೆ ಅಂತ ನೋಡಿ ನನಗೆ ನಿಜಕ್ಕೂ ಹೆಮ್ಮೆಯಾಗಿತ್ತು. ಪ್ರೇಮಾ ಕಾರಂತರ ಫಣಿಯಮ್ಮ ಇದೆ. ಅದರ ಕಾದಂಬರಿ ತೀರ್ಥಹಳ್ಳಿಯ ಎಂ.ಕೆ. ಇಂದಿರಾ ಅವರದು. ಸುರೇಶ್ ಹೆಬ್ಳೀಕರ್ ಅವರ ಕಾಡಿನ ಬೆಂಕಿ ಇದೆ. ಅದು ನಮ್ಮ ಸಾಗರದವರೇ ಆದ ನಾ. ಡಿಸೋಜ ಅವರ ಕಾದಂಬರಿ. ಗಿರೀಶ್ ಕಾರ್ನಾಡರ ಕಾನೂರು ಹೆಗ್ಗಡಿತಿ ಇದೆ, ಕುವೆಂಪು ಅವರದು. ಪುಸ್ತಕ ಓದಿದವರು ಊರು ತುಂಬ ಇದ್ದಾರೆ. ಸಿನಿಮಾ ನೋಡಿದವರನ್ನು ಹುಡುಕಬೇಕು!

ಪಕ್ಕದ ಸಾಲುಗಳನ್ನೂ ಬಿಡಬಾರದು. ಬ್ಯಾರಿ ಭಾಷೆಯ 'ಬ್ಯಾರಿ' ಚಿತ್ರ 2011ನೇ ಸಾಲಿನಲ್ಲಿ ಮರಾಠಿಯ ದೇವೂಳ್ ಜೊತೆ ಅತ್ಯುತ್ತಮ ಚಿತ್ರ ಪ್ರಶಸ್ತಿ ಹಂಚಿಕೊಂಡಿತು. ಅಭಯ ಸಿಂಹ ಅವರ ತುಳು ಚಿತ್ರ ಪಡ್ಡಾಯಿ, ಮ್ಯಾಕ್‌ಬೆತ್ ನಾಟಕವನ್ನು ಕಡಲ ಮೀನುಗಾರರ ನಡುವೆ ತಂದಿಟ್ಟದ್ದು. ಘಟ್ಟ ಇಳಿದರೆ ಸಿಗುವ ಭಾಷೆಗಳು ಇವು, ಆದರೂ ನಮಗೆ ಗೊತ್ತಿರಲಿಲ್ಲ ಅಲ್ವಾ? ಇನ್ನು ನಮ್ಮ ರಾಜ್ಯ ಪ್ರಶಸ್ತಿಯಲ್ಲಿ ಮೊದಲನೇ, ಎರಡನೇ, ಮೂರನೇ ಅತ್ಯುತ್ತಮ ಚಿತ್ರ ಅಂತ ಮೂರು ಕೊಡುತ್ತಾರೆ. ನಾನು ಮೂರನೆಯದರಿಂದ ಶುರು ಮಾಡುತ್ತೇನೆ.

ಆಮೇಲಿನ ಕೆಲಸ ಹೆಸರು ಹಿಂಬಾಲಿಸುವುದು. ನಟ, ಛಾಯಾಗ್ರಾಹಕ, ಕತೆಗಾರ, ಯಾರದಾದರೂ ಸರಿ. 1975ನೇ ಸಾಲಿನ ಅತ್ಯುತ್ತಮ ನಟ ಎಂ.ವಿ. ವಾಸುದೇವರಾವ್, ಚೋಮನ ದುಡಿಯ ಚೋಮ. ಅವರ ಹೆಸರು ಹಿಡಿದು ಹೊರಟರೆ ಕಾಲು ಶತಮಾನದ ಆಚೆ ದ್ವೀಪದಲ್ಲಿ ಸಿಗುತ್ತಾರೆ, ದುಗ್ಗಜ್ಜನಾಗಿ. ಅಣೆಕಟ್ಟೆಯ ನೀರು ಏರುತ್ತಿದ್ದರೂ ತನ್ನ ಜಾಗ ಬಿಡಲು ಮನಸ್ಸಿಲ್ಲದ ಮುದುಕ. ದ್ವೀಪದ ಕತೆಯೂ ನಾ. ಡಿಸೋಜ ಅವರದೇ. ಅದರ ಮಳೆಯನ್ನು ಸೆರೆಹಿಡಿದ ಎಚ್.ಎಂ. ರಾಮಚಂದ್ರ ಅವರಿಗೂ ರಾಷ್ಟ್ರಪ್ರಶಸ್ತಿ ಬಂತು.

ದ್ವೀಪ ಹಾಕಿದ ದಿನ ನಮ್ಮ ಅತ್ತೆಯೂ ಬಂದಿದ್ದರು. ಅವರ ತವರು ಶರಾವತಿ ಹಿನ್ನೀರಿನಲ್ಲಿ ಮುಳುಗಿದ್ದು. ಕೊನೆಯಲ್ಲಿ ಸೌಂದರ್ಯ ಮಾಡಿದ ನಾಗಿ ರಾತ್ರಿಯಿಡೀ ಒದ್ದಾಡಿ ಮನೆ ಉಳಿಸಿಕೊಳ್ಳುತ್ತಾಳೆ. ಬೆಳಗಾದಾಗ ಗಂಡ ಅದನ್ನೆಲ್ಲ ದೇವರ ಲೆಕ್ಕಕ್ಕೆ ಹಾಕುತ್ತಾನೆ. ನಾಗಿಯ ಮುಖ ತೆರೆಯ ಮೇಲಿದ್ದಾಗ ಅತ್ತೆ ಗಟ್ಟಿಯಾಗಿ, "ಅವಳು ಮಾಡಿದ್ದು ಯಾರ ಕಣ್ಣಿಗೂ ಬೀಳಲ್ಲ, ನೋಡು" ಅಂದರು. ಆಮೇಲೆ ಚರ್ಚೆಯೆಲ್ಲ ಆ ಮಾತಿನ ಮೇಲೇ ನಡೆಯಿತು. ಪರಿಹಾರದ ದುಡ್ಡು ಯಾರ ಹೆಸರಿಗೆ ಬಂತು, ಸಾಮಾನು ಕಟ್ಟಿದವರು ಯಾರು ಅಂತ ಹೆಂಗಸರೆಲ್ಲ ಮಾತಾಡಿದರು. ಗಂಡಸರು ಸುಮ್ನೆ ಕೇಳಿಸಿಕೊಂಡರು.

ಹೊರದೇಶದ ಸಿನಿಮಾಗಳಿಗೆ ಬ್ರಿಟನ್ನಿನ ಸೈಟ್ ಅಂಡ್ ಸೌಂಡ್ ಪತ್ರಿಕೆಯ ಮತದಾನ ನೋಡುತ್ತೇನೆ. 1952ರಿಂದ ಹತ್ತು ವರ್ಷಕ್ಕೊಮ್ಮೆ ನಡೆಯುತ್ತದೆ. 2022ರಲ್ಲಿ 1,600ಕ್ಕೂ ಹೆಚ್ಚು ವಿಮರ್ಶಕರು, ವಿದ್ವಾಂಸರು ತಲಾ ಹತ್ತು ಚಿತ್ರ ಬರೆದುಕೊಟ್ಟರು. ಎಲ್ಲರೂ ಮೊದಲ ನೂರು ಓದಿ ಪುಟ ಮುಚ್ಚುತ್ತಾರೆ. ಒಳ್ಳೆಯ ಸರಕು ಇರುವುದು ಒಬ್ಬೊಬ್ಬರ ಹತ್ತರ ಪಟ್ಟಿಯಲ್ಲಿ. ನನಗೆ ತುಂಬ ಹಿಡಿಸಿದ, ಹೆಚ್ಚು ಜನ ನೋಡದ ಒಂದು ಚಿತ್ರವನ್ನು ಇಟ್ಟುಕೊಂಡು, ಅದನ್ನು ಬರೆದವರು ಯಾರು ಅಂತ ನೋಡುತ್ತೇನೆ. ಅವರ ಉಳಿದ ಒಂಬತ್ತು ನನ್ನ ನೋಟ್‌ಬುಕ್ಕಿಗೆ ಬರುತ್ತವೆ. ಇಷ್ಟು ನಂಬಿಕಸ್ಥ ದಾರಿ ಇನ್ನೊಂದು ನನಗೆ ಸಿಕ್ಕಿಲ್ಲ.

ಹಾಗಂತ ಮೊದಲ ಸ್ಥಾನದ್ದನ್ನು ಬಿಡಬೇಕಿಲ್ಲ. 2022ರಲ್ಲಿ ಗೆದ್ದದ್ದು ಶಾಂತಾಲ್ ಅಕರ್‌ಮನ್ ಅವರ ಜಾನ್ ಡೀಲ್ಮನ್, 1975ರ ಚಿತ್ರ. ಬ್ರಸೆಲ್ಸ್‌ನ ವಿಧವೆಯೊಬ್ಬಳ ಮೂರು ದಿನ, ಮೂರು ಗಂಟೆ ಇಪ್ಪತ್ತು ನಿಮಿಷ. ಆಲೂಗಡ್ಡೆ ಸುಲಿಯುತ್ತಾಳೆ, ಹಾಸಿಗೆ ಸರಿ ಮಾಡುತ್ತಾಳೆ, ದೀಪ ಆರಿಸುತ್ತಾಳೆ. ಇದನ್ನು ಎರಡು ಸಂಜೆಗೆ ಹಂಚಿ ಹಾಕಿದೆವು. ಎರಡನೇ ದಿನ ಅವಳ ಆಲೂಗಡ್ಡೆ ಹೆಚ್ಚು ಬೆಂದುಹೋದಾಗಲೇ "ಏನೋ ಎಡವಟ್ಟಾಗಿದೆ ಇವಳಿಗೆ" ಅಂತ ಹಿಂದಿನ ಸಾಲಿನಿಂದ ಮಾತು ಬಂತು. ದಿನಾ ಅಡುಗೆ ಮಾಡುವವರಿಗೆ ಈ ಸಿನಿಮಾ ಬಿಡಿಸಿ ಹೇಳಬೇಕಾಗಲಿಲ್ಲ.

ಹಳ್ಳಿಯವರಿಗೆ ಇವೆಲ್ಲ ಎಲ್ಲಿ ಅರ್ಥವಾಗುತ್ತವೆ ಅನ್ನುವ ಮಾತು ನನಗೆ ಆಗಿಬರುವುದಿಲ್ಲ. ಇಲ್ಲೇ ಹತ್ತಿರದ ಹೆಗ್ಗೋಡಿನಲ್ಲಿ ಕೆ.ವಿ. ಸುಬ್ಬಣ್ಣ ಮತ್ತು ನೀನಾಸಂ 1970ರ ದಶಕದಲ್ಲೇ ಚಿತ್ರಸಮಾಜ ಕಟ್ಟಿ, ಜಗತ್ತಿನ ದೊಡ್ಡ ಸಿನಿಮಾಗಳನ್ನು ಊರ ಜನಕ್ಕೆ ತೋರಿಸಿದ್ದರು. ನಮ್ಮ ದೊಡ್ಡಪ್ಪ ಈಗಲೂ ಅದರ ನೆನಪು ತೆಗೆಯುತ್ತಾರೆ.

ಹೊಸ ಚಿತ್ರಗಳಿಗೆ ಬೂಸಾನ್, ರೋಟರ್‌ಡ್ಯಾಮ್, ಲೊಕಾರ್ನೊ ಉತ್ಸವಗಳ ಚಿಕ್ಕ ವಿಭಾಗಗಳನ್ನು ನೋಡುತ್ತೇನೆ. ನಟೇಶ್ ಹೆಗಡೆ ಅವರ ಪೆದ್ರೊ 2021ರಲ್ಲಿ ಬೂಸಾನಿಗೆ ಹೋಯಿತು. ಮರುವರ್ಷ ಜೈಶಂಕರ್ ಆರ್ಯರ್ ಅವರ ಶಿವಮ್ಮ ಅಲ್ಲೇ ಹೊಸ ನಿರ್ದೇಶಕರ ವಿಭಾಗದ ನ್ಯೂ ಕರೆಂಟ್ಸ್ ಪ್ರಶಸ್ತಿ ಗೆದ್ದಿತು. ಇಂಥ ಹೆಸರು ಆವತ್ತೇ ಬರೆದಿಟ್ಟುಕೊಳ್ಳಬೇಕು. ಥಿಯೇಟರಿಗೆ ಬಂದರೂ ಒಂದು ವಾರ ನಿಂತರೆ ಪುಣ್ಯ. ಹಳೆಯವುಗಳಿಗೆ ಜೀರ್ಣೋದ್ಧಾರದ, ಅಂದರೆ ಹಾಳಾಗುತ್ತಿದ್ದ ಪ್ರತಿಯನ್ನು ಸರಿಪಡಿಸಿದ ಚಿತ್ರಗಳ ಪಟ್ಟಿ ಇದೆ. ಫಿಲ್ಮ್ ಹೆರಿಟೇಜ್ ಫೌಂಡೇಶನ್ ಕೈಹಾಕಿದ ಅರವಿಂದನ್ ಅವರ ಕುಮ್ಮಾಟ್ಟಿ, ಮಣಿಪುರಿಯ ಇಶಾನೌ, ಮತ್ತೆ 2024ರಲ್ಲಿ ವೆನಿಸ್‌ನಲ್ಲಿ ಹೊಸದಾಗಿ ತೆರೆಕಂಡ ನಮ್ಮ ಘಟಶ್ರಾದ್ಧ ನನ್ನ ಪುಸ್ತಕದಲ್ಲಿವೆ.

ಪಟ್ಟಿಗೆ ಮಿತಿಯೂ ಇದೆ. ರಾಷ್ಟ್ರಪ್ರಶಸ್ತಿಗೆ ಅರ್ಜಿ ಹಾಕಬೇಕು, ಸೆನ್ಸಾರ್ ಸರ್ಟಿಫಿಕೇಟ್ ಬೇಕು. ಅರ್ಜಿಯೇ ಹಾಕದ ಚಿತ್ರ ಅಲ್ಲಿ ಇರುವುದಿಲ್ಲ. ತೀರ್ಪುಗಾರರೂ ಬದಲಾಗುತ್ತಿರುತ್ತಾರೆ. ಅದಕ್ಕೇ ಒಂದೇ ಪಟ್ಟಿ ನೆಚ್ಚಿಕೊಳ್ಳುವುದಿಲ್ಲ. ಎರಡು ಬೇರೆ ಬೇರೆ ಕಡೆ ಕಂಡ ಹೆಸರಿನ ಮುಂದೆ ಒಂದು ಚುಕ್ಕಿ ಇಡುತ್ತೇನೆ. ಚುಕ್ಕಿ ಇರುವುದು ಮೊದಲು.

ಹೆಸರು ಸಿಕ್ಕಮೇಲೆ ಸಿನಿಮಾ ಸಿಗುವುದು ಇನ್ನೊಂದು ಪಾಡು. ಯೂಟ್ಯೂಬಿನಲ್ಲಿ ಹೆಸರನ್ನು ಮೂರ್ನಾಲ್ಕು ಸ್ಪೆಲಿಂಗಿನಲ್ಲಿ ಹುಡುಕಬೇಕು. ಎಲ್ಲೂ ಇಲ್ಲದಿದ್ದರೆ ನಿರ್ದೇಶಕರಿಗೆ, ನಿರ್ಮಾಪಕರಿಗೆ ನೇರವಾಗಿ ಬರೆಯುತ್ತೇನೆ. ಎಷ್ಟು ಜನ, ಎಲ್ಲಿ, ಟಿಕೆಟ್ ಇಲ್ಲ ಅಂತ ತಿಳಿಸಿ ಅನುಮತಿ ಕೇಳುತ್ತೇನೆ. ಚಿಕ್ಕ ಸಿನಿಮಾ ಮಾಡಿದವರು ಪ್ರೀತಿಯಿಂದ ಉತ್ತರ ಕೊಡುತ್ತಾರೆ. ಮಳೆಗಾಲದಲ್ಲಿ ಕರೆಂಟ್ ನೆಚ್ಚುವ ಹಾಗಿಲ್ಲ, ಹಾಗಾಗಿ ಜೂನ್‌ನಿಂದ ಹುಡುಕಾಟ ಮಾತ್ರ. ಈಗ ಫಣಿಯಮ್ಮನ ಒಳ್ಳೆಯ ಪ್ರತಿಗಾಗಿ ಹುಡುಕುತ್ತಿದ್ದೇನೆ. ಹಕ್ಕು ಯಾರ ಹತ್ತಿರ ಇದೆ ಅಂತ ಗೊತ್ತಿದ್ದವರು ದಯವಿಟ್ಟು ತಿಳಿಸಿ. ದಸರಾ ಕಳೆದ ಮೇಲೆ ಅದನ್ನೇ ಹಾಕುವ ಆಸೆ ಇದೆ.